ನೂರ ಎಪ್ಪತ್ತಲ್ಲ, ನೂರ ಅರವತ್ತೊಂಬತ್ತು

ಗುರುವಾರ, ಸಂಜೆ

ಪ್ರೀತಿಯ ಅಮ್ಮನಿಗೆ,

ಮಗು ಚೆನ್ನಾಗಿದ್ದಾನೆ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಲಕೋಟೆ ಹರಿದು ಅರ್ಧ ಪುಟ ಓದುವ ಮೊದಲೇ ಫೋನ್ ಹಚ್ಚುತ್ತೀಯ. ಜ್ವರವಿಲ್ಲ, ನೆಗಡಿಯಿಲ್ಲ, ಹೊಟ್ಟೆ ಸರಿಯಾಗಿದೆ. ನಮ್ಮ ದೊರೆ ಈಗ ನನ್ನ ಎಡತೊಡೆಯ ಮೇಲೆ ಮಲಗಿ ನಿದ್ದೆ ಮಾಡುತ್ತಿದ್ದಾನೆ. ಬಲಗೈಯೊಂದನ್ನು ನನಗೆ ಬಿಟ್ಟುಕೊಟ್ಟಿದ್ದಾನೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿದ್ದರೆ ಅವನನ್ನೇ ಬೈದುಕೋ.

ಫೋನ್ ಮಾಡಬಹುದಿತ್ತು. ನಂಬರ್ ಒತ್ತುವುದು, ರಿಂಗ್ ಆಗುವ ಮೊದಲೇ ಕತ್ತರಿಸುವುದು, ಹೀಗೇ ಮಾಡಿದೆ. ನಿನ್ನ ದನಿ ಕಿವಿಗೆ ಬಿದ್ದ ಕೂಡಲೇ ನಾನು ವಾರ್ಡಿನಲ್ಲಿ ಮಲಗಿರುವ ರೋಗಿಯಾಗಿಬಿಡುತ್ತೇನೆ. ಆಮೇಲೆ ನನ್ನ ಬಾಯಲ್ಲಿ "ಆಯ್ತು ಸಿಸ್ಟರ್" ಬಿಟ್ಟರೆ ಬೇರೆ ಮಾತು ಹೊರಡುವುದಿಲ್ಲ. ಪತ್ರವಾದರೆ ನೀನು ನಡುವೆ ಬಾಯಿ ಹಾಕಲಾರೆ. ಕೊರಿಯರ್ ಅಂಗಡಿಯವರು ನಾಳೆಯೇ ತಲುಪಿಸುತ್ತೇವೆ ಎಂದಿದ್ದಾರೆ.

ವಿಷಯ ಇಷ್ಟು. ಭಾನುವಾರ ನೀನು ಬಂದು ಮಗುವನ್ನು ಆರು ತಿಂಗಳ ಮಟ್ಟಿಗೆ ನಿನ್ನ ಮನೆಗೆ ಕರೆದುಕೊಂಡು ಹೋಗುವುದು ಎಂದು ನೀನೂ ಇವರೂ ಸೇರಿ ತೀರ್ಮಾನಿಸಿದ್ದಿರಿ. ನಾನೂ ತಲೆಯಾಡಿಸಿದ್ದೆ. ಈಗ ಕಳಿಸುವುದಿಲ್ಲ ಎಂದು ಹೇಳುವುದಕ್ಕೆ ಬರೆಯುತ್ತಿದ್ದೇನೆ. ಯಾಕೆ ಎಂಬುದು ಒಂದು ಸಾಲಿನಲ್ಲಿ ಹಿಡಿಸುವುದಿಲ್ಲ. ಕನ್ನಡಕ ಹಾಕಿಕೊಂಡು, ಕೂತುಕೊಂಡು ಓದು.

ಮೊದಲು, ನೀನು ಇಲ್ಲಿದ್ದಾಗಿನ ಆ ಬೆಳಗ್ಗೆಯ ಮಾತು. ನಿನಗೆ ಗೊತ್ತಿರುವುದೇ, ಆದರೂ ನನ್ನ ಕಡೆಯಿಂದ ಅದು ಹೇಗಿತ್ತು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಯಾವುದೋ ಕಟ್ಟಡದಲ್ಲಿ ಜನ ಸಮೇತ ಲಿಫ್ಟ್ ಸಿಕ್ಕಿಕೊಂಡಿದೆ ಎಂದು ಇವರನ್ನು ಬೆಳಕು ಹರಿಯುವ ಮೊದಲೇ ರಿಪೇರಿಗೆ ಕರೆಸಿಕೊಂಡಿದ್ದರು. ಮನೆಯಲ್ಲಿ ಉಳಿದವರು ನೀನು, ನಾನು, ಮಗು. ನನಗೆ ಎಚ್ಚರವಾದಾಗ ಮಗುವಿನ ಮೈ ಕಾದ ಹೆಂಚಿನ ಹಾಗಿತ್ತು. ಎತ್ತಿಕೊಂಡು ಅಡುಗೆಮನೆಗೆ ಹೋದೆ, ಜ್ವರದ ಔಷಧವನ್ನು ಡ್ರಾಪರಿನಲ್ಲಿ ಎಳೆದು ಅವನ ಕೆನ್ನೆಯ ಒಳಬದಿಗೆ ಬಿಟ್ಟೆ. ಅರ್ಧ ಉಗಿದಾನು ಎಂದು ಗಲ್ಲ ಹಿಡಿದುಕೊಂಡೆ. ಉಗಿಯಲಿಲ್ಲ. ಹಾಲು ಕುಡಿಸಿ ಮಲಗಿಸಿದೆ. ನನಗೆ ನೆನಪಿರುವುದು ಇಷ್ಟು.

ಆಮೇಲೆ ನೀನು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹಿಂದಿನ ರಾತ್ರಿ ನೀನೇ ಔಷಧ ಎಲ್ಲಿಯವರೆಗಿದೆ ಎಂದು ಬಾಟಲಿಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದಿಟ್ಟಿದ್ದೆ. ಜೀವಮಾನವಿಡೀ ನರ್ಸಾಗಿ ವಾರ್ಡಿನಲ್ಲಿ ಮಾಡಿದ ಅಭ್ಯಾಸ, ಮನೆಗೆ ಬಂದರೂ ಕೈ ಬಿಡುವುದಿಲ್ಲ. "ಎರಡು ಸಲದ್ದು ಹೋಗಿದೆಯಲ್ಲೇ ಇಲ್ಲಿ! ಎಷ್ಟು ಸಲ ಹಾಕ್ದೆ?" ಎಂದು ನೀನು ಕೇಳಿದೆ. ನಾನು ಒಂದೇ ಸಲ ಅಂದೆ. ನೀನು ಗೆರೆಗೂ ಔಷಧದ ಮಟ್ಟಕ್ಕೂ ನಡುವೆ ಬೆರಳಿಟ್ಟು ತೋರಿಸಿದೆ. "ನಾನಂತೂ ಬಾಟ್ಲಿ ಮುಟ್ಟಿಲ್ಲ. ಅಳಿಯಂದಿರು ಮನೇಲಿಲ್ಲ. ಮತ್ತೆ ಯಾರು, ದೊರೆಯೇ ಎದ್ದು ಹೋಗಿ ಕುಡ್ಕೊಂಡು ಬಂದ್ನಾ?"

ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ನಾನು ಅವನ ಮೂಗಿನ ಹತ್ತಿರ ಕೈ ಹಿಡಿದುಕೊಂಡೇ ಇದ್ದೆ. ಉಸಿರು ತಾಗಿದರೆ ಸಾಕು ಎನ್ನಿಸುತ್ತಿತ್ತು. ಡಾಕ್ಟರಮ್ಮ ನೋಡಿದರು. ಗಾಬರಿ ಬೇಡ, ಆದರೆ ಮಧ್ಯಾಹ್ನದವರೆಗೆ ಕಣ್ಣೆದುರಿಗೇ ಇರಲಿ ಎಂದರು. ಆಗ ನೀನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: "ಇವಳು ಚಿಕ್ಕಂದಿನಿಂದ್ಲೂ ಗೂಬೆಮರಿ ಡಾಕ್ಟ್ರೇ, ರಾತ್ರಿ ನಿದ್ದೆ ಅನ್ನೋದೇ ಇಲ್ಲ. ಈಗಂತೂ ಕೇಳ್ಲೇಬೇಡಿ. ಹಾಕಿದ್ದು ಮರ್ತು ಮತ್ತೆ ಹಾಕಿದಾಳೆ, ಪಾಪ." ಹೇಳುತ್ತಾ ನನ್ನ ತಲೆ ಸವರುತ್ತಿದ್ದೆ. ಆ ಕೈ ಎಷ್ಟು ಮೆತ್ತಗಿತ್ತೆಂದರೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು, ಹೌದು, ಎರಡು ಸಲ ಹಾಕಿರಬೇಕು ಅಂದೆ.

ಯಾಕೆ ಅಂದೆ ಎಂದರೆ, ನಂಬುವಂತಿತ್ತು ಅಮ್ಮ. ಫೋನನ್ನು ಫ್ರಿಜ್ಜಿನಲ್ಲಿಟ್ಟು ಮನೆಯೆಲ್ಲ ಹುಡುಕಿದವಳು ನಾನು. ಚಹಾಕ್ಕೆ ಉಪ್ಪು ಹಾಕಿ ಇವರಿಗೆ ಕೊಟ್ಟವಳು ನಾನು. ಅವರು ಪೂರ್ತಿ ಕುಡಿದು, "ಇವತ್ತು ಏನೋ ವಿಶೇಷ" ಅಂದರು. ಇಂಥವಳು ಔಷಧವನ್ನು ಎರಡು ಸಲ ಹಾಕಿಲ್ಲ ಎಂದು ಯಾವ ಬಾಯಲ್ಲಿ ವಾದಿಸುವುದು?

ಅಂದಿನಿಂದ ನನ್ನ ಸ್ಥಿತಿ ಏನಾಗಿದೆ ಎಂದು ನಿನಗೆ ತಿಳಿಸಿಲ್ಲ. ಹಾಲಿನ ಪುಡಿ ಬೆರೆಸುವಾಗ ಚಮಚ ಎಣಿಸುತ್ತೇನೆ, ನಡುವೆ ಸಂಶಯ ಬರುತ್ತದೆ, ಚೆಲ್ಲಿ ಮೊದಲಿನಿಂದ ಶುರುಮಾಡುತ್ತೇನೆ. ಬಾಗಿಲು ಹಾಕಿ ಚಿಲಕ ಮುಟ್ಟಿ ನೋಡಿ, ಬಂದು ಕೂತು, ಎದ್ದು ಹೋಗಿ ಮತ್ತೆ ಮುಟ್ಟುತ್ತೇನೆ. ಮಗು ಮಲಗಿದ್ದರೆ ಮಲಗಿದ್ದಾನೋ ಇಲ್ಲವೋ ಎಂದು ಎಬ್ಬಿಸಿ ನೋಡುತ್ತೇನೆ. ಅವನು ಎದ್ದು ಅಳುತ್ತಾನೆ, ನಾನೂ ಅಳುತ್ತೇನೆ. ಕಳಿಸಲು ಒಪ್ಪಿದ್ದು ಈ ಕಾರಣಕ್ಕೆ. ನನ್ನ ಕೈಯಲ್ಲಿ ಅವನು ಕ್ಷೇಮವಲ್ಲ ಎಂದು ನಿಮಗಿಂತ ಹೆಚ್ಚಾಗಿ ನಾನೇ ನಂಬಿದ್ದೆ.

ಈಗ ಕೆಲಸದ ಮಾತು. ಬೇಸರಪಟ್ಟುಕೊಳ್ಳಬೇಡ, ಇದನ್ನು ಬಿಟ್ಟು ಮುಂದಿನದು ಅರ್ಥವಾಗುವುದಿಲ್ಲ.

ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದನ್ನು ಕಲಿಸುವ ಒಂದು ಸಂಸ್ಥೆಗೆ ಅರ್ಜಿ ಹಾಕಿದ್ದೆನಲ್ಲ. ಮನೆಯಲ್ಲೇ ಕೂತು ವಿದ್ಯಾರ್ಥಿಗಳಿಗೆ ಲೆಕ್ಕಗಳನ್ನು ಕಟ್ಟಿಕೊಡಬೇಕು, ಉತ್ತರ ಸರಿಯಿದೆಯೇ ಎಂದು ತಾಳೆ ನೋಡಬೇಕು. ಕಾಲೇಜು ಬಿಟ್ಟ ಮೇಲೆ ನನಗೆ ಸರಿಹೊಂದುವ ಕೆಲಸ ಕಣ್ಣಿಗೆ ಬಿದ್ದದ್ದು ಇದೇ ಮೊದಲು. ಸೇರಿಸಿಕೊಳ್ಳುವ ಮೊದಲು ಒಂದು ಪರೀಕ್ಷೆ ಕೊಟ್ಟರು. ಒಂದು ಸಂಖ್ಯೆ ಕೊಟ್ಟರೆ, ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು, ಅಂದರೆ ಭಾಜಕಗಳು ಎಷ್ಟಿವೆ ಎಂದು ಪೈಥಾನ್ ಭಾಷೆಯಲ್ಲಿ ಎಣಿಸಿ ಹೇಳಬೇಕು. ಇಂದು ಸಂಜೆ ಅವರ ಕಚೇರಿ ಮುಚ್ಚುವುದರೊಳಗೆ ಕಳಿಸಬೇಕಿತ್ತು.

ಕೇಳಿದರೆ ಸುಲಭ. ಹನ್ನೆರಡಕ್ಕೆ ಒಂದು, ಎರಡು, ಮೂರು, ನಾಲ್ಕು, ಆರು, ಹನ್ನೆರಡು. ಒಟ್ಟು ಆರು. ಒಂದರಿಂದ ಹಿಡಿದು ಆ ಸಂಖ್ಯೆಯವರೆಗೆ ಒಂದೊಂದನ್ನೂ ಭಾಗಿಸಿ ನೋಡುತ್ತಾ ಹೋದರಾಯಿತು. ಆದರೆ ಅವರು ಕೊಡುವ ಸಂಖ್ಯೆಗಳು ಲಕ್ಷ ಕೋಟಿಯವರೆಗೆ ಹೋಗುತ್ತವೆ. ಸೆಕೆಂಡಿಗೆ ಒಂದು ಕೋಟಿ ಸಂಖ್ಯೆ ನೋಡಿದರೂ ಲಕ್ಷ ಕೋಟಿ ಮುಗಿಯುವಷ್ಟರಲ್ಲಿ ಒಂದು ಹಗಲು, ಒಂದು ರಾತ್ರಿ ಕಳೆದು ಇನ್ನೂ ಮಿಗುತ್ತದೆ. ಅವರು ಕೊಟ್ಟ ಸಮಯ ಎರಡು ಸೆಕೆಂಡು.

ಇದಕ್ಕೆ ಒಂದು ಉಪಾಯವಿದೆ. ನಿನ್ನ ವಾರ್ಡಿನ ಲೆಕ್ಕದಲ್ಲೇ ಹೇಳುತ್ತೇನೆ. ಮೂವತ್ತಾರು ಮಂಚಗಳಿವೆ ಎಂದುಕೋ. ಎಲ್ಲ ಸಾಲಿನಲ್ಲೂ ಸಮ ಬರುವಂತೆ ಜೋಡಿಸಬೇಕು. ನಾಲ್ಕು ಸಾಲು ಮಾಡಿದರೆ ಸಾಲಿಗೆ ಒಂಬತ್ತು. ಅದನ್ನೇ ಬಾಗಿಲಿನ ಬದಲು ಕಿಟಕಿಯ ಕಡೆಯಿಂದ ನೋಡಿದರೆ ಒಂಬತ್ತು ಸಾಲು, ಸಾಲಿಗೆ ನಾಲ್ಕು. ಹಾಗಾಗಿ ನಾಲ್ಕು ಸಿಕ್ಕಿತು ಎಂದರೆ ಒಂಬತ್ತನ್ನು ಬೇರೆ ಹುಡುಕಬೇಕಾಗಿಲ್ಲ, ತಾನಾಗಿ ಜೊತೆಗೆ ಬರುತ್ತದೆ. ಮೂರರ ಜೊತೆ ಹನ್ನೆರಡು, ಎರಡರ ಜೊತೆ ಹದಿನೆಂಟು, ಒಂದರ ಜೊತೆ ಮೂವತ್ತಾರು. ಆರನ್ನು ದಾಟಿ ಹುಡುಕುವ ಅಗತ್ಯವೇ ಇಲ್ಲ. ಆರು ಅಂದರೆ ಮೂವತ್ತಾರರ ವರ್ಗಮೂಲ. ಲಕ್ಷ ಕೋಟಿಗೆ ಹತ್ತು ಲಕ್ಷದವರೆಗೆ ನೋಡಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಸಿಕ್ಕ ಪ್ರತಿಯೊಂದಕ್ಕೂ ಎರಡೆರಡು ಎಣಿಸುತ್ತಾ ಹೋಗುವುದು.

ಒಂದೇ ಒಂದು ಕಡೆ ಎಚ್ಚರ ಬೇಕು. ಆರು ಸಾಲು, ಸಾಲಿಗೆ ಆರು ಮಂಚ. ಬಾಗಿಲಿನಿಂದ ನೋಡು, ಕಿಟಕಿಯಿಂದ ನೋಡು, ಅದು ಅದೇ. ಆರಕ್ಕೆ ಆರೇ ಜೊತೆ. ಅಲ್ಲಿ ಎರಡು ಎಣಿಸಿದರೆ ಒಂದು ಹೆಚ್ಚಾಗುತ್ತದೆ. ವರ್ಗಮೂಲ ಸರಿಯಾಗಿ ಪೂರ್ಣಸಂಖ್ಯೆಯಾಗಿ ಬಂದರೆ ಕೊನೆಯಲ್ಲಿ ಒಂದನ್ನು ಕಳೆ ಎಂದು ಒಂದು ಸಾಲು ಬರೆದಿದ್ದೆ.

ಬೆಳಗ್ಗೆ ಮಗು ಮಲಗಿದಾಗ ಪ್ರೋಗ್ರಾಂ ಮುಗಿಸಿ ಅವರ ಜಾಲತಾಣದಲ್ಲಿ ಹಾಕಿದೆ. ಅಲ್ಲಿ ಯಂತ್ರವೇ ಪರೀಕ್ಷಿಸುತ್ತದೆ. ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ಹಸಿರು, ಹಸಿರು, ಹಸಿರು, ಕಡೆಯದು ಕೆಂಪು. ಸಂಖ್ಯೆ ಲಕ್ಷ ಕೋಟಿ. ನನ್ನ ಉತ್ತರ ನೂರ ಅರವತ್ತೊಂಬತ್ತು. ಅವರ ಉತ್ತರ ನೂರ ಎಪ್ಪತ್ತು.

ಒಂದೇ ಒಂದರ ವ್ಯತ್ಯಾಸ. ಮತ್ತೆ ಎಣಿಕೆಯಲ್ಲಿ ತಪ್ಪಿದೆಯಲ್ಲ ಗೂಬೆಮರಿ ಎಂದು ನಿನ್ನ ದನಿಯಲ್ಲೇ ನನಗೆ ಕೇಳಿಸಿತು, ಸುಳ್ಳು ಹೇಳುತ್ತಿಲ್ಲ.

ತಪ್ಪು ಹುಡುಕಲು ಕೂತೆ. ಪೈಥಾನಿನಲ್ಲಿ ಇಲ್ಲಿಂದ ಇಲ್ಲಿಯವರೆಗೆ ಎಂದು ಹೇಳಿದರೆ ಅದು ಕಡೆಯದನ್ನು ಬಿಟ್ಟು ನಿಲ್ಲುತ್ತದೆ. ಹೊಸಬರೆಲ್ಲ ಅಲ್ಲಿ ಎಡವುತ್ತಾರೆ. ನಾನು ಎಡವಿರಲಿಲ್ಲ, ಹತ್ತು ಲಕ್ಷವೂ ಲೆಕ್ಕಕ್ಕೆ ಸೇರಿತ್ತು. ವರ್ಗಮೂಲವನ್ನು ದಶಮಾಂಶದಲ್ಲಿ ತೆಗೆದರೆ ತೀರಾ ದೊಡ್ಡ ಸಂಖ್ಯೆಗಳಲ್ಲಿ ಕೂದಲೆಳೆಯಷ್ಟು ಆಚೀಚೆಯಾಗುತ್ತದೆ. ನಾನು ಪೂರ್ಣಸಂಖ್ಯೆಯ ವರ್ಗಮೂಲವನ್ನೇ ಬಳಸಿದ್ದೆ. ಸಾಲು ಸಾಲಾಗಿ ಗಟ್ಟಿಯಾಗಿ ಓದಿದೆ. ಅಷ್ಟರಲ್ಲಿ ದೊರೆ ಎದ್ದು, ನನ್ನ ಓದನ್ನು ತನ್ನನ್ನು ಕುರಿತ ಭಾಷಣ ಎಂದುಕೊಂಡು ಕೈಕಾಲು ಬಡಿದು ನಗತೊಡಗಿದ. ಎತ್ತಿಕೊಂಡೇ ಅವರ ಕಚೇರಿಗೆ ಫೋನ್ ಮಾಡಿದೆ.

ಅಲ್ಲಿಯ ಸಂಯೋಜಕಿ ಒಳ್ಳೆಯ ಹುಡುಗಿಯೇ. ನಾನು ಕೇಳಿದ್ದು, ನಿಮ್ಮ ಉತ್ತರದಲ್ಲಿ ತಪ್ಪಿರಬಹುದೇ ಎಂದು. ಅವಳು, "ಮೇಡಂ, ಈ ಪರೀಕ್ಷೆ ಶುರುವಾಗಿ ಎಷ್ಟೋ ಕಾಲ ಆಯ್ತು. ಇಷ್ಟು ಜನ ಪಾಸಾಗಿ ಹೋಗಿದಾರೆ, ಇದುವರೆಗೆ ಒಬ್ರೂ ತಪ್ಪು ಅಂದಿಲ್ಲ" ಅಂದಳು. ಫೋನಿನಲ್ಲಿ ಮಗುವಿನ ಸದ್ದು ಕೇಳಿಸಿರಬೇಕು. ದನಿ ತಗ್ಗಿಸಿ, "ಮಗು ಚಿಕ್ಕದಾ ಮೇಡಂ? ಪಾಪ, ನಿದ್ದೆ ಇರಲ್ಲ ಅಲ್ವಾ. ಮಗು ಮಲಗಿದ್ಮೇಲೆ ಇನ್ನೊಂದ್ಸಲ ಶಾಂತವಾಗಿ ಎಣ್ಸಿ ನೋಡಿ" ಅಂದಳು.

ನನ್ನ ತಲೆ ಸವರಿದ ಹಾಗೇ ಇತ್ತು ಅಮ್ಮ. ನಾನು, ಹೌದು, ನನ್ನದೇ ತಪ್ಪಿರಬೇಕು ಅಂದೆ.

ಮಧ್ಯಾಹ್ನ ಇವರು ಊಟಕ್ಕೆ ಬಂದರು, ಮೊಣಕೈವರೆಗೂ ಗ್ರೀಸು. ಊಟದ ನಡುವೆ ಎಲ್ಲ ಹೇಳಿದೆ. ಅವರಿಗೆ ಭಾಜಕ ಅರ್ಥವಾಯಿತೋ ಇಲ್ಲವೋ, ಆದರೆ ಒಂದೇ ಒಂದು ಹೆಚ್ಚುಕಡಿಮೆ ಎನ್ನುವುದು ಅರ್ಥವಾಯಿತು.

"ಅವ್ರಿಗೆ ನೂರ ಎಪ್ಪತ್ತು ಬೇಕಂತಾ? ಕೊಟ್ಬಿಡು. ಒಂದು ಹೆಚ್ಚು ಕೊಟ್ರೆ ನಿನ್ನ ಗಂಟೇನು ಹೋಗುತ್ತೆ?"

"ಎಂಟು ಜನರ ಲಿಫ್ಟಿಗೆ ಒಂಬತ್ತು ಜನ ಅಂತ ಬೋರ್ಡ್ ಬರೆದು ನೀವು ಸಹಿ ಹಾಕ್ತೀರಾ?" ಅಂದೆ.

"ಅಲ್ಲಿ ಬಿದ್ರೆ ಜನ ಬೀಳ್ತಾರೆ ಕಣೇ. ಇಲ್ಲಿ ಯಾರು ಬೀಳ್ತಾರೆ?" ಅಂದರು. ನನ್ನ ಮುಖ ನೋಡಿ ದನಿ ಮೆತ್ತಗಾಯಿತು. "ಭಾನುವಾರ ಅತ್ತೆ ಬರ್ತಾರೆ. ಮಗೂನ ಕರ್ಕೊಂಡು ಹೋಗ್ಲಿ. ನೀನು ಒಂದು ವಾರ ಹಾಸಿಗೆ ಬಿಟ್ಟು ಏಳ್ಬೇಡ. ನಿದ್ದೆ ಇಲ್ದೇ ಇರೋರಿಗೆ ಎಲ್ಲಾ ದೊಡ್ಡದಾಗಿ ಕಾಣುತ್ತೆ." ನಿನ್ನ ಅಳಿಯ ಕೆಟ್ಟವರಲ್ಲ. ನನ್ನ ತಟ್ಟೆಯನ್ನೂ ತೊಳೆದಿಟ್ಟೇ ಹೋದರು.

ಅವರು ಹೋದ ಮೇಲೆ ಆ ಒಂದು ಸಾಲನ್ನು ಅಳಿಸಿದೆ. ಕೊನೆಯಲ್ಲಿ ಒಂದನ್ನು ಕಳೆ ಎನ್ನುವ ಸಾಲು. ಅಳಿಸಿ ಓಡಿಸಿದೆ. ಪರದೆ ಮೇಲಿನಿಂದ ಕೆಳಗಿನವರೆಗೆ ಹಸಿರಾಯಿತು. ಉಳಿದ ಸಂಖ್ಯೆಗಳ ವರ್ಗಮೂಲ ಪೂರ್ಣಸಂಖ್ಯೆಯಲ್ಲ, ಆ ಸಾಲು ಇದ್ದರೂ ಇಲ್ಲದಿದ್ದರೂ ಅವು ಹಸಿರೇ. ಅಭಿನಂದನೆಗಳು ಎಂದು ಬಂತು. ಅದರ ಕೆಳಗೆ ಒಂದು ಗುಂಡಿ, ಅಂತಿಮವಾಗಿ ಸಲ್ಲಿಸಿ ಎಂದು. ಒತ್ತಿದರೆ ಕೆಲಸ ಕೈಗೆ ಬಂದ ಹಾಗೆ.

ನಿಜ ಹೇಳುತ್ತೇನೆ, ಒತ್ತಲು ಬೆರಳು ಇಟ್ಟಾಗಿತ್ತು. ಆ ಹಸಿರು ಎಷ್ಟು ನೆಮ್ಮದಿಯಾಗಿತ್ತು ಎಂದರೆ! ಎಷ್ಟೋ ದಿನಗಳ ಮೇಲೆ ಯಾರೋ ನನಗೆ, ನೀನು ಸರಿ ಎಂದಿದ್ದರು. ಆದರೆ ಹಿಂದೆಯೇ ಇನ್ನೊಂದು ಯೋಚನೆ ಬಂತು. ಅಷ್ಟು ಜನ ಪಾಸಾಗಿದ್ದಾರಲ್ಲ, ಅವರಲ್ಲಿ ಎಷ್ಟು ಮಂದಿ ಇದೇ ಸಾಲನ್ನು ಬರೆದು, ಕೆಂಪು ನೋಡಿ ಹೆದರಿ, ಅಳಿಸಿ ಹೋಗಿರಬೇಕು? ಒಬ್ಬರೂ ತಪ್ಪು ಅಂದಿಲ್ಲ ಎಂದು ಅವಳು ಹೇಳಿದಳು. ನಾನೂ ಅಂದಿರಲಿಲ್ಲ. ಆಸ್ಪತ್ರೆಯಲ್ಲಿ ನಾನು ಮಾಡಿದ್ದೂ ಇದನ್ನೇ. ಎಲ್ಲರ ಮುಖ ನೋಡಿ, ಅವರಿಗೆ ಬೇಕಾದ ಉತ್ತರವನ್ನು ಕೊಟ್ಟುಬಿಟ್ಟಿದ್ದೆ.

ಕೈ ತೆಗೆದೆ. ಕಂಪ್ಯೂಟರನ್ನು ಪಕ್ಕಕ್ಕೆ ಸರಿಸಿ ನೆಲದ ಮೇಲೆ ಕೂತೆ. ಬಟ್ಟೆಗೆ ಹಾಕುವ ಕ್ಲಿಪ್ಪುಗಳ ಡಬ್ಬ ಸುರಿದು ಮೂವತ್ತಾರನ್ನು ಎಣಿಸಿಟ್ಟು ಸಾಲು ಜೋಡಿಸತೊಡಗಿದೆ. ದೊರೆ ಪಕ್ಕದಲ್ಲೇ ಕೂತು, ನಾನು ಜೋಡಿಸಿದ ವಾರ್ಡಿನಿಂದ ಮಂಚ ಎತ್ತಿ ಬಾಯಿಗೆ ಹಾಕುತ್ತಿದ್ದ; ನಾನು ಕಿತ್ತುಕೊಂಡು ಒರೆಸಿ ಜಾಗದಲ್ಲಿಡುತ್ತಿದ್ದೆ. ಒಂದು ಸಾಲು, ಎರಡು, ಮೂರು, ನಾಲ್ಕು. ಐದಕ್ಕೆ ಒಂದು ಮಿಕ್ಕಿತು. ಆರು, ಒಂಬತ್ತು, ಹನ್ನೆರಡು, ಹದಿನೆಂಟು, ಮೂವತ್ತಾರು. ಒಂಬತ್ತು ಬಗೆ. ಹತ್ತಲ್ಲ. ಹತ್ತನೆಯ ಬಗೆ ಎಲ್ಲಿಂದ ತರುವುದು? ಅವರ ಲೆಕ್ಕದ ಪ್ರಕಾರ ಇಲ್ಲಿ ಹತ್ತು ಬರಬೇಕು.

ಚಿಕ್ಕ ಸಂಖ್ಯೆಗೆ ಸರಿ, ದೊಡ್ಡದಕ್ಕೆ ಹೇಗೋ ಎಂದು ಮತ್ತೆ ಸಂಶಯ ಶುರುವಾಯಿತು. ನನ್ನ ತಲೆಯೇ ಹಾಗಾಗಿದೆ. ಆಗ ಕಾಲೇಜಿನಲ್ಲಿ ಕಲಿತ ಇನ್ನೊಂದು ದಾರಿ ನೆನಪಾಯಿತು. ಇದಕ್ಕೆ ಕಂಪ್ಯೂಟರೇ ಬೇಡ. ಲಕ್ಷ ಕೋಟಿ ಎಂದರೆ ಹನ್ನೆರಡು ಹತ್ತುಗಳ ಗುಣಲಬ್ಧ. ಹತ್ತನ್ನು ಒಡೆದರೆ ಒಂದು ಎರಡು, ಒಂದು ಐದು. ಹಾಗಾಗಿ ಅದರೊಳಗೆ ಇರುವುದು ಹನ್ನೆರಡು ಎರಡುಗಳು, ಹನ್ನೆರಡು ಐದುಗಳು, ಅಷ್ಟೇ. ಅದರ ಯಾವ ಭಾಜಕವನ್ನೇ ಆಗಲಿ ಇವುಗಳಿಂದಲೇ ಕಟ್ಟಬೇಕು. ಎರಡನ್ನು ಒಂದೂ ತೆಗೆದುಕೊಳ್ಳದೆ ಇರಬಹುದು, ಒಂದು ತೆಗೆದುಕೊಳ್ಳಬಹುದು, ಹೀಗೆ ಹನ್ನೆರಡರವರೆಗೆ, ಹದಿಮೂರು ದಾರಿ. ಐದಕ್ಕೂ ಹದಿಮೂರು ದಾರಿ. ಹದಿಮೂರು ಹದಿಮೂರಲೆ ನೂರ ಅರವತ್ತೊಂಬತ್ತು.

ಮೂರು ಬೇರೆ ಬೇರೆ ದಾರಿಯಿಂದ ಹೊರಟು ನಾನು ಒಂದೇ ಬಾಗಿಲಿಗೆ ಬಂದು ನಿಂತಿದ್ದೆ. ಅಮ್ಮ, ಆಗ ನಾನು ಗಟ್ಟಿಯಾಗಿ ಅತ್ತೆ. ಕ್ಲಿಪ್ಪುಗಳ ನಡುವೆ ಕೂತು. ದೊರೆ ನನ್ನನ್ನು ನೋಡಿ ತಾನೂ ತುಟಿ ಮುಂದೆ ಮಾಡಿದ, ಆಮೇಲೆ ಮನಸ್ಸು ಬದಲಿಸಿ ಇನ್ನೊಂದು ಮಂಚ ಕಚ್ಚಿದ.

ಅಳಿಸಿದ ಸಾಲನ್ನು ತಿರುಗಿ ಬರೆದೆ. ಪರದೆಯ ತುದಿಯಲ್ಲಿ ಕೆಂಪು ಮತ್ತೆ ಬಂತು. ಅದು ಕೆಂಪಾಗಿರುವಾಗಲೇ ಸಲ್ಲಿಸಿದೆ. ಜೊತೆಗೆ ಚೀಟಿಯ ಹಾಗೆ ಸ್ವಲ್ಪ ಬರೆದೆ: ನಿಮ್ಮ ಉತ್ತರ ತಪ್ಪಾಗಿದೆ, ಹತ್ತು ಲಕ್ಷವನ್ನು ಎರಡು ಸಲ ಎಣಿಸಿದ್ದೀರಿ, ಮೂವತ್ತಾರನ್ನು ಕೊಟ್ಟು ನೋಡಿ, ನಿಮ್ಮ ಪ್ರೋಗ್ರಾಂ ಹತ್ತು ಎನ್ನುತ್ತದೆ, ಬೆರಳಲ್ಲಿ ಎಣಿಸಿದರೆ ಒಂಬತ್ತು. "ಇರಬೇಕು", "ಅನ್ನಿಸುತ್ತದೆ" ಎಂಬ ಮಾತುಗಳನ್ನು ಎಲ್ಲೂ ಹಾಕಲಿಲ್ಲ. ಅವರಿಂದ ಇನ್ನೂ ಉತ್ತರವಿಲ್ಲ. ಕೆಲಸ ಕೊಡುತ್ತಾರೋ, ಗಯ್ಯಾಳಿ ಎಂದು ಬಿಡುತ್ತಾರೋ ಗೊತ್ತಿಲ್ಲ. ಅದಕ್ಕಾಗಿ ಕಾಯುತ್ತಾ ಕೂತಿಲ್ಲ.

ಯಾಕೆಂದರೆ ಅಷ್ಟಾದ ಮೇಲೆ ನಾನು ಆ ಬೆಳಗ್ಗೆಗೆ ತಿರುಗಿ ಹೋದೆ. ಅದನ್ನೂ ಹೀಗೇ, ಯಾರ ಮುಖವನ್ನೂ ನೋಡದೆ, ಒಂದೊಂದಾಗಿ ನೋಡಿದೆ. ಎಚ್ಚರವಾದದ್ದು, ಮೈ ಮುಟ್ಟಿದ್ದು, ಎತ್ತಿಕೊಂಡದ್ದು, ಬಾಟಲಿ, ಡ್ರಾಪರ್, ಕೆನ್ನೆ, ಗಲ್ಲ, ಹಾಲು. ಎಲ್ಲವೂ ಒಂದೊಂದೇ ಸಲ ಇವೆ. ಎರಡನೆಯದು ಎಲ್ಲೂ ಸಿಗುವುದಿಲ್ಲ. ನಿದ್ದೆಗೆಟ್ಟವಳು ಮರೆಯುತ್ತಾಳೆ, ಒಪ್ಪಿದೆ. ಫೋನ್ ಫ್ರಿಜ್ಜಿಗೆ ಹೋದದ್ದು ನನಗೆ ನೆನಪಿಲ್ಲ. ಆದರೆ ಆ ಬೆಳಗ್ಗೆ ನನಗೆ ಮರೆತೇ ಇಲ್ಲ. ಅವನ ತುಟಿಯ ಮೂಲೆಯಲ್ಲಿ ನಿಂತ ಗುಲಾಬಿ ಹನಿಯವರೆಗೂ ನೆನಪಿದೆ.

ನಾನು ಒಂದೇ ಸಲ ಹಾಕಿದ್ದು ಅಮ್ಮ.

ನೀನು ಬಾಟಲಿ ಮುಟ್ಟಿಲ್ಲ ಎಂದೆ. ನಿನ್ನ ಗೆರೆಯೂ ಸುಳ್ಳು ಹೇಳುವುದಿಲ್ಲ, ಎರಡು ಸಲದ ಔಷಧ ಹೋಗಿದ್ದು ಖಂಡಿತ. ಮನೆಯಲ್ಲಿ ಇದ್ದದ್ದು ನಾವಿಬ್ಬರು. ಇದನ್ನು ಇದಕ್ಕಿಂತ ಮುಂದೆ ಬರೆಯಲು ನನಗೆ ಕೈ ಬರುತ್ತಿಲ್ಲ.

ಈ ಪತ್ರ ಶುರುಮಾಡುವ ಮೊದಲು ಇವರಿಗೆ ಫೋನ್ ಮಾಡಿ, ಭಾನುವಾರ ಮಗು ಹೋಗಲ್ಲ ಅಂದೆ.

"ಯಾಕೆ, ಏನಾಯ್ತು ಈಗ?"

"ನಾನು ಒಂದೇ ಸಲ ಹಾಕಿದ್ದು."

ಆ ಕಡೆ ಲಿಫ್ಟಿನ ಬಾಗಿಲು ತೆರೆಯುವುದು, ಮುಚ್ಚುವುದು, ತೆರೆಯುವುದು ಕೇಳಿಸುತ್ತಿತ್ತು. ಪರೀಕ್ಷೆ ಮಾಡುತ್ತಿದ್ದರೇನೋ. "ಹಾಗಾದ್ರೆ ಅತ್ತೆ..." ಎಂದು ಶುರುಮಾಡಿದರು. ನಾನು ಫೋನ್ ಇಟ್ಟುಬಿಟ್ಟೆ. ಆ ವಾಕ್ಯವನ್ನು ಅವರು ಮುಗಿಸುವುದು ನನಗೆ ಬೇಕಿರಲಿಲ್ಲ.

ಭಾನುವಾರ ನೀನು ಬರಲೇಬೇಕು. ಮಗುವನ್ನು ಕರೆದುಕೊಂಡು ಹೋಗುವುದಕ್ಕಲ್ಲ, ಇರುವುದಕ್ಕೆ. ಚಿಕ್ಕ ಕೋಣೆಯ ಸಾಮಾನು ತೆಗೆಸಿ ನಿನ್ನ ಮಂಚ ಹಾಕಿಸುತ್ತೇನೆ. ದೊಡ್ಡ ಚೀಲ ತಾ. ಮನೆಯಲ್ಲಿ ಇನ್ನು ಮುಂದೆ ಒಂದು ಕ್ರಮ: ಯಾರೇ ಔಷಧ ಹಾಕಲಿ, ಹಾಕುವ ಮೊದಲು ಇನ್ನೊಬ್ಬರನ್ನು ಎಬ್ಬಿಸಿ ಹೇಳಬೇಕು. ನಾನೂ ಅಷ್ಟೇ, ಇವರೂ ಅಷ್ಟೇ, ನೀನೂ ಅಷ್ಟೇ. ಎಬ್ಬಿಸಿದಳು ಎಂದು ಯಾರೂ ಮುಖ ಊದಿಸಿಕೊಳ್ಳಬಾರದು. ಆಸ್ಪತ್ರೆಯಲ್ಲಿ ಇಬ್ಬರು ಸಿಸ್ಟರುಗಳು ಸೇರಿ ಇಂಜೆಕ್ಷನ್ ತಾಳೆ ನೋಡುತ್ತಿದ್ದಿರಿ ಎಂದು ನೀನೇ ಹೇಳುತ್ತಿದ್ದೆಯಲ್ಲ. ಹಾಗೆ.

ಡಾಕ್ಟರಮ್ಮನ ಹತ್ತಿರ ಹೋಗಿ ಯಾರು ಎಷ್ಟು ಹಾಕಿದರು ಎಂದು ತಿದ್ದಿಸುವುದಿಲ್ಲ. ಅವರ ಲೆಕ್ಕದಲ್ಲಿ ನಾನೇ ಮರೆಗುಳಿಯಾಗಿ ಇದ್ದುಕೊಳ್ಳಲಿ. ಆದರೆ ನನ್ನ ಮಗು ನನ್ನ ಹತ್ತಿರ ಇರುತ್ತಾನೆ.

ದೊರೆ ಎದ್ದ. ಕಾಲು ಜೋಮು ಹಿಡಿದಿದೆ. ಮುಗಿಸುತ್ತೇನೆ. ಸರಿಯಾಗಿ ಊಟ ಮಾಡು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತುಕೋ.

ಇನ್ನೂ ನಿದ್ದೆ ಮಾಡದ,
ನಿನ್ನ ಗೂಬೆಮರಿ

ಮರೆತದ್ದು: ಮರೆತಿಲ್ಲ ಅಮ್ಮ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಆ ಬೆಳಗ್ಗೆ ನಾನು ಕೈಗೆತ್ತಿಕೊಂಡಾಗ ಡ್ರಾಪರ್ ಬೆಚ್ಚಗಿತ್ತು. ಒಳಗೆ ನೀರಿತ್ತು, ಕೊಡವಿಕೊಂಡು ಔಷಧ ಎಳೆದೆ. ಬಳಸಿದ ಕೂಡಲೇ ಬಿಸಿನೀರಿನಲ್ಲಿ ಅದ್ದಿ ಬಟ್ಟೆಯ ಮೇಲೆ ಬೋರಲು ಹಾಕುವವಳು ಈ ಮನೆಯಲ್ಲಿ ನೀನೊಬ್ಬಳೇ. ನಾನು ಏಳುವ ಸ್ವಲ್ಪ ಮುಂಚೆ ನೀನು ಹಾಕಿ, ತೊಳೆದಿಟ್ಟು, ಮತ್ತೆ ಮಲಗಿದ್ದೆ. ಆಸ್ಪತ್ರೆಯಲ್ಲಿ ನೀನು ಹೆದರಿ ತಪ್ಪನ್ನು ನನ್ನ ಮೇಲೆ ಹಾಕಿದೆ ಎಂದುಕೊಂಡು ಇವತ್ತು ಮಧ್ಯಾಹ್ನವೆಲ್ಲ ಸಿಟ್ಟಿನಲ್ಲಿ ಕುದಿದೆ. ಆಮೇಲೆ ಮೊನ್ನೆಯ ಫೋನ್ ನೆನಪಾಯಿತು. ಮಗುವಿಗೆ ಹಲ್ಲು ಬಂತಾ ಎಂದು ಕೇಳಿದೆಯಲ್ಲ. ಬೆರಳಿಟ್ಟು ನೋಡಿ ಅವನ ಮೊದಲ ಹಲ್ಲನ್ನು ಕಂಡುಹಿಡಿದವಳು ನೀನೇ ಅಮ್ಮ. ಮನೆಯೆಲ್ಲ ಕೂಗಿ ಕರೆದಿದ್ದೆ. ಅದು ನಿನಗೆ ನೆನಪೇ ಇರಲಿಲ್ಲ. ನಾನು ಆಗ, ಬಂತು ಎಂದಷ್ಟೇ ಹೇಳಿ ಮಾತು ತೇಲಿಸಿದೆ. ಭಾನುವಾರ ಬಂದವಳೇ ನನ್ನನ್ನು ಪಕ್ಕಕ್ಕೆ ಕರೆದು, ಅವತ್ತು ಬೇಕೆಂದೇ ಸುಳ್ಳು ಹೇಳಿದ್ದೆ ಕಣೇ ಅನ್ನು. ಎರಡು ದಿನ ಮಾತು ಬಿಡುತ್ತೇನೆ, ಆಮೇಲೆ ಸರಿಹೋಗುತ್ತೇನೆ. ದಯವಿಟ್ಟು ಸುಳ್ಳು ಹೇಳಿದ್ದೆ ಅನ್ನು.